ಮೈಯ ಬೊಜ್ಜು, ಮನದ ಬೇನೆ

ಹೊಸೂರು, ಕೃಷ್ಣಗಿರಿ ಕಡೆಯ ನಮ್ಮ ಕನ್ನಡ ಶಾಲೆಗಳಲ್ಲೂ ‘ಡುಮ್ಮ’, ‘ಡುಮ್ಮಿ’ ಎಂಬ ಕೂಗು ಕೇಳುತ್ತೇವೆ. ಆಟದ ಪಿರಿಯಡ್ಡಿನಲ್ಲಿ ಹೊಟ್ಟೆನೋವೆಂದು ಮೂಲೆ ಹಿಡಿಯುವ ಮಗುವಿನ ನೋವು ಹೊಟ್ಟೆಯದಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ, ಬೊಜ್ಜಿದ್ದವರಿಗೆ ಖಿನ್ನತೆಯ ಸಂಭವ ಶೇ. 55ರಷ್ಟು ಹೆಚ್ಚು; ಖಿನ್ನರಿಗೆ ಬೊಜ್ಜಿನ ಸಂಭವ ಶೇ. 58ರಷ್ಟು ಹೆಚ್ಚು. ಸಾಲದ್ದಕ್ಕೆ, ಮನೋರೋಗಕ್ಕೆ ಕೊಡುವ ಓಲಾಂಜಪಿನ್‌ನಂಥ ಮಾತ್ರೆಗಳು ಹಸಿವು ಕೆರಳಿಸಿ ತೂಕ ಏರಿಸುತ್ತವೆ. ‘ಹುಡುಗಿ ಊದಿಕೊಂಡಳು, ಇನ್ನು ಮದುವೆ ಹೆಂಗೆ?’ ಎಂದು ಮನೆಯವರೇ ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸೀತು. ವೈದ್ಯರಿಗೆ ತಿಳಿಸಿದರೆ ಅವರು ಮಾತ್ರೆ ಬದಲಿಸಬಲ್ಲರು. ಬೆಂಗಳೂರಿನ ನಿಮ್ಹಾನ್ಸ್ ಇರುವುದು ಹೊಸೂರು ರಸ್ತೆಯಲ್ಲೇ. ಹೋಗಲಾಗದವರಿಗೆ 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಇದೆ. ಸಂಖ್ಯೆ 14416, ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು.