ಉಳಿದ ಅನ್ನ ಹಸುವಿಗೆ ಹಾಕೋ ಮುಂಚೆ ಇದನ್ನು ಓದಿ

ಹೋದ ವರ್ಷ ನಮ್ಮ ಮನೆ ಗೃಹಪ್ರವೇಶದ ದಿನ ಒಂದು ದೊಡ್ಡ ಪಾತ್ರೆ ಅನ್ನ, ಪಾಯಸ ಉಳಿದುಬಿಡ್ತು. ಚೆಲ್ಲೋಕೆ ಮನಸ್ಸು ಬರಲಿಲ್ಲ. ರಾತ್ರಿ ನಾನೇ ಒಯ್ದು ನಮ್ಮ ಎಚ್‌ಎಫ್ ಹಸುವಿನ ಮುಂದೆ ಇಟ್ಟೆ. ಪಾತ್ರೆ ಖಾಲಿ ಮಾಡ್ತು.

ಬೆಳಿಗ್ಗೆ ನೋಡಿದ್ರೆ ಮೆಲುಕು ನಿಂತಿದೆ, ಹೊಟ್ಟೆ ಉಬ್ಬಿದೆ, ಸಗಣಿ ನೀರಾಗಿ ಹುಳಿ ವಾಸನೆ. ಮಧ್ಯಾಹ್ನ ಮಲಗಿದ್ದು ಏಳಲೇ ಇಲ್ಲ.

ಡಾಕ್ಟ್ರು ಬಂದವರೇ, "ನಿನ್ನೆ ಏನು ತಿನ್ನಿಸಿದ್ರಿ?" ಅಂದ್ರು. ಹೇಳಿದೆ. "ಹುಲ್ಲು ತಿನ್ನೋ ಹೊಟ್ಟೆಗೆ ಅಷ್ಟೊಂದು ಪಿಷ್ಟ ಹಾಕಿದ್ದೀರಲ್ಲ" ಅಂದ್ರು.

ಅವತ್ತು ನನಗೆ ಅರ್ಥವಾದದ್ದು ಇಷ್ಟು. ನೀರು, ಖನಿಜ ಬಿಟ್ಟರೆ ಜೀವಿಗಳ ಮೈ ಆಗಿರೋದು ಮುಖ್ಯವಾಗಿ ನಾಲ್ಕು ಬಗೆಯ ವಸ್ತುಗಳಿಂದ: ಕಾರ್ಬೋಹೈಡ್ರೇಟ್, ಪ್ರೋಟೀನ್, ಕೊಬ್ಬು ಮತ್ತು ಡಿಎನ್‌ಎಯಂಥ ನ್ಯೂಕ್ಲಿಯಿಕ್ ಆಮ್ಲ. ಅನ್ನದ ಪಿಷ್ಟ, ಹುಲ್ಲಿನ ಸೆಲ್ಯುಲೋಸ್ ಎರಡೂ ಕಾರ್ಬೋಹೈಡ್ರೇಟೇ. ಎರಡೂ ಗ್ಲೂಕೋಸ್ ಮಣಿ ಪೋಣಿಸಿದ ಸರಗಳು. ವ್ಯತ್ಯಾಸ ಇರೋದು ಮಣಿ ಮಣಿ ನಡುವಿನ ಗಂಟಿನಲ್ಲಿ. ಪಿಷ್ಟದ ಗಂಟು ಬೇಗ ಬಿಚ್ಚುತ್ತೆ. ಸೆಲ್ಯುಲೋಸ್ ಗಂಟು ಬಿಚ್ಚೋದು ನಮ್ಮ ಕೈಲೂ ಆಗಲ್ಲ, ಹಸುವಿನ ಕೈಲೂ ಆಗಲ್ಲ. ಹಸುವಿನ ಮೊದಲ ಹೊಟ್ಟೆಯಲ್ಲಿರೋ ಸೂಕ್ಷ್ಮಜೀವಿಗಳು ಅದನ್ನು ನಿಧಾನಕ್ಕೆ ಬಿಚ್ಚಿಕೊಡುತ್ತವೆ.

ಒಮ್ಮೆಲೇ ಪಿಷ್ಟ ಸುರಿದರೆ ಬೇರೆ ಬ್ಯಾಕ್ಟೀರಿಯಾಗಳು ಹೆಚ್ಚಿ, ಮೊಸರು ಹುಳಿ ಮಾಡುವ ಅದೇ ಲ್ಯಾಕ್ಟಿಕ್ ಆಮ್ಲವನ್ನು ತುಂಬಿಸುತ್ತವೆ. 6ರಿಂದ 7ರ ಆಸುಪಾಸು ಇರಬೇಕಾದ ಹೊಟ್ಟೆಯ ಪಿಎಚ್ 5.5ಕ್ಕಿಂತ ಕೆಳಗಿಳಿಯುತ್ತೆ. ಹುಲ್ಲು ಕರಗಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ, ಆಮ್ಲ ರಕ್ತಕ್ಕೂ ಸೇರುತ್ತೆ. ಇದೇ ಅಸಿಡೋಸಿಸ್. ತಡವಾದರೆ ಹಸು ಉಳಿಯಲ್ಲ.

ನಮ್ಮ ಹಸು ಡ್ರಿಪ್ ಹಾಕಿಸಿಕೊಂಡು ಮೂರನೇ ದಿನ ಎದ್ದು ನಿಲ್ತು. ಹಾಲು ಮಾತ್ರ ಮೊದಲಿನಷ್ಟಾಗೋಕೆ ವಾರಗಳೇ ಬೇಕಾಯ್ತು.

ನೀವು ಹೀಗೆ ಮಾಡಿ:

• ಹಬ್ಬ, ಮದುವೆಯಲ್ಲಿ ಉಳಿದ ಅನ್ನ, ಪಾಯಸ, ಸಿಹಿತಿಂಡಿ ರಾಶಿಯಾಗಿ ಹಾಕಬೇಡಿ. ಕಾಂಪೋಸ್ಟ್ ಗುಂಡಿಗೆ ಹಾಕಿ.

• ಜೋಳ, ರಾಗಿ, ಅಕ್ಕಿ ಮೂಟೆ ಹಸುವಿಗೆ ಎಟುಕದ ಹಾಗೆ ಇಡಿ. ರಾತ್ರಿ ಹಗ್ಗ ಬಿಚ್ಚಿಕೊಂಡು ಹೋಗಿ ತಿಂದರೂ ಇದೇ ಗತಿ.

• ಧಾನ್ಯದ ಆಹಾರ ಹೆಚ್ಚಿಸಬೇಕಾದರೆ ಎರಡು ವಾರ ತಗೊಂಡು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಜೊತೆಗೆ ಒಣ ಹುಲ್ಲು ಇರಲೇಬೇಕು.

• ಜಾಸ್ತಿ ತಿಂದದ್ದು ಗೊತ್ತಾದ ಕೂಡಲೇ, ಲಕ್ಷಣ ಕಾಣೋಕೆ ಮುಂಚೆಯೇ ಡಾಕ್ಟ್ರಿಗೆ ಅಥವಾ 1962ಕ್ಕೆ ಫೋನ್ ಮಾಡಿ. ಏನು ತಿಂತು, ಎಷ್ಟು, ಯಾವಾಗ ಅಂತ ಸರಿಯಾಗಿ ಹೇಳಿ. ಮಲಗಿರೋ ಹಸುವಿಗೆ ಬಾಯಿಂದ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ.

ಆ ದಿನ ನಾನು ರಾತ್ರಿಯೇ ಫೋನ್ ಮಾಡಿದ್ದರೆ ಹಸು ಅಷ್ಟು ನರಳ್ತಾ ಇರಲಿಲ್ಲ. ಈಗ ನಂಬರ್ ಕೊಟ್ಟಿಗೆ ಗೋಡೆ ಮೇಲೇ ಬರೆದಿದ್ದೀನಿ.