ಚಿನ್ನದ ಗುಡಿ ನೋಡಿ ಬಂದೆವು

ಈ ಸಲ ನಮ್ಮ ಶಾಲಾ ಪ್ರವಾಸ ಬೈಲಕುಪ್ಪೆಗೆ. ಅರಕಲಗೂಡು, ಕೊಣನೂರು ದಾಟಿ ಕುಶಾಲನಗರದ ಮೇಲೆ ಹೋದೆವು. ಬಸ್ಸಲ್ಲಿ ವಾಂತಿ ಮಾಡಿಕೊಂಡವರ ಹೆಸರು ಬರೆಯುವುದಿಲ್ಲ! ಬರಲು ಆಗದವರಿಗಾಗಿ ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಎಲ್ಲರೂ ಗೋಲ್ಡನ್ ಟೆಂಪಲ್ ಅನ್ನೋದು ನಾಮ್‌ಡ್ರೋಲಿಂಗ್ ಮಠದ ದೊಡ್ಡ ಗುಡಿಗೆ. ಪೆನೋರ್ ರಿಂಪೋಚೆ ಎಂಬ ಗುರುಗಳು 1963ರಲ್ಲಿ ಮಠ ಶುರು ಮಾಡಿದರು. ಈ ಗುಡಿ ಆದದ್ದು 1999ರಲ್ಲಿ. ಒಳಗೆ ಮೂರು ಮೂರ್ತಿಗಳಿವೆ. ನಡುವೆ 60 ಅಡಿ ಎತ್ತರದ ಬುದ್ಧ, ಅಕ್ಕಪಕ್ಕ ಪದ್ಮಸಂಭವ ಮತ್ತು ಅಮಿತಾಯುಸ್. ತಲೆ ಎತ್ತಿ ನೋಡಿ ನೋಡಿ ಕತ್ತು ನೋವು ಬಂತು. ಪೂರ್ತಿ ಚಿನ್ನ ಅಂದುಕೊಳ್ಳಬೇಡಿ. ತಾಮ್ರದ ಮೇಲೆ ಚಿನ್ನದ ಲೇಪ.

ಗೋಡೆ ತುಂಬಾ ಚಿತ್ರಗಳು. ಕೆಲವು ದೇವರಿಗೆ ಕೋರೆಹಲ್ಲು, ಕೆಂಡದಂಥ ಕಣ್ಣು. ಐದನೇ ಕ್ಲಾಸಿನ ಹುಡುಗಿ ಹೆದರಿ ನನ್ನ ಲಂಗ ಹಿಡ್ಕೊಂಡ್ಲು. "ನಮ್ಮ ವೀರಭದ್ರ ದೇವರಿಲ್ವಾ? ಹಂಗೇ ಇವರೂ ಧರ್ಮ ಕಾಯೋರು" ಅಂದರು ಮೇಷ್ಟ್ರು. ಆಮೇಲೆ ಅವಳೇ ಮುಂದೆ ಮುಂದೆ ನಡೆದಳು.

ಹೊರಗೆ ಸಾಲಾಗಿ ಪ್ರಾರ್ಥನಾ ಚಕ್ರಗಳಿವೆ. ಅವುಗಳೊಳಗೆ ಮಂತ್ರ ಬರೆದ ಕಾಗದದ ಸುರುಳಿ ಇರುತ್ತದೆ. ಒಂದು ಸುತ್ತು ತಿರುಗಿಸಿದರೆ ಅಷ್ಟೂ ಮಂತ್ರ ಹೇಳಿದಂತೆ ಎಂದು ಅವರ ನಂಬಿಕೆ. ನಮ್ಮ ಹುಡುಗರು ಗಾಣ ತಿರುಗಿಸಿದ ಹಾಗೆ ಎಡಕ್ಕೂ ಬಲಕ್ಕೂ ತಿರುಗಿಸಿದರು. ಆಗ ಒಬ್ಬ ಮುದುಕ ಭಿಕ್ಷು ಬಂದು, "ಹಂಗಲ್ಲ ಮಗ, ಗಡಿಯಾರದ ಮುಳ್ಳು ಹೋಗೋ ಕಡೆ" ಎಂದು ಕನ್ನಡದಲ್ಲೇ ಹೇಳಿದರು! ನಾವು ಪ್ರದಕ್ಷಿಣೆ ಹಾಕೋದೂ ಹಾಗೇ ತಾನೆ.

"ತಾತ, ನಿಮ್ಮೂರು ಯಾವುದು?" ಅಂದೆ. ಮೇಷ್ಟ್ರು ಮೆಲ್ಲಗೆ "ಗುರುಗಳೇ ಅನ್ನು" ಎಂದರು. ಅವರು ನಕ್ಕು, "ತಾತ ಅಂದ್ರೂ ಸರಿ. ಟಿಬೆಟ್. ಅಪ್ಪನ ಹೆಗಲ ಮೇಲೆ ಬಂದೆ" ಎಂದರು.

ಮೇಷ್ಟ್ರು ಬಸ್ಸಿನಲ್ಲಿ ಮುಂದಿನದು ಹೇಳಿದರು. 1959ರಲ್ಲಿ ದಲೈ ಲಾಮಾ ಚೀನಾದ ಸೈನ್ಯದಿಂದ ತಪ್ಪಿಸಿಕೊಂಡು ಭಾರತಕ್ಕೆ ಬಂದರು. ಹಿಂದೆಯೇ ಸಾವಿರಾರು ಜನ ಹಿಮಾಲಯ ದಾಟಿ ಬಂದರು. ಆಗಿನ ಮೈಸೂರು ರಾಜ್ಯ ಸರ್ಕಾರ ಬೈಲಕುಪ್ಪೆಯಲ್ಲಿ ಜಾಗ ಕೊಟ್ಟಿತು. ಅದು ಆಗ ಕಾಡು. ಚಳಿ ದೇಶದವರು ಈ ಸೆಖೆಯಲ್ಲಿ ಕಾಡು ಕಡಿದು, ಆನೆ ಕಾಟ ತಡೆದು ಮುಸುಕಿನ ಜೋಳ ಬೆಳೆದರು.

"ಮತ್ತೆ ಊರಿಗೆ ಹೋಗಿದ್ರಾ?" ಎಂದೂ ನಾನು ಆ ತಾತನ್ನ ಕೇಳಿಬಿಟ್ಟಿದ್ದೆ. ಅವರು ಇಲ್ಲ ಎಂದು ತಲೆ ಆಡಿಸಿ, ಚಕ್ರ ತಿರುಗಿಸುತ್ತಾ ಮುಂದೆ ಹೋದರು.

ಮನೆಗೆ ಬಂದು ಅಜ್ಜಿಗೆ ಇದನ್ನೆಲ್ಲ ಹೇಳಿದೆ. ಅಜ್ಜಿಯ ತವರೂರು ಹೇಮಾವತಿ ಹಿನ್ನೀರಲ್ಲಿ ಮುಳುಗಿದೆ. ಬೇಸಿಗೇಲಿ ನೀರು ಇಳಿದಾಗ ಗುಡಿಯ ಮೆಟ್ಟಿಲು ಕಾಣುತ್ತೆ. ಪ್ರತಿವರ್ಷ ಹೋಗಿ ಅದರ ಮೇಲೆ ಕೂತು ಬರುತ್ತಾಳೆ.

"ಅವರೂರು ಬೇಸಿಗೇಲಾದ್ರೂ ಕಾಣ್ತದಾ?" ಅಂತ ಕೇಳಿದಳು.

"ಇಲ್ಲ ಅಜ್ಜಿ, ಹಿಮಾಲಯದ ಆಚೆ ಐತೆ" ಅಂದೆ.

"ಮತ್ತೆ ನೀನ್ಯಾಕೆ ಕೇಳಕ್ಕೋದೆ?" ಎಂದು ಬೈದು, ರಾಗಿ ಕೇರೋದಕ್ಕೆ ಎದ್ದು ಹೋದಳು.