ಗಡಿಯಾರದ ಊರಿನ ಹಳದಿ-ನೀಲಿ ಪಡೆ

ಸ್ವಿಟ್ಜರ್ಲೆಂಡ್‌ನ ಫುಟ್‌ಬಾಲ್ ಎಂದೊಡನೆ ಬಾಸೆಲ್, ಜ್ಯೂರಿಕ್, ಬರ್ನ್ ನಗರಗಳ ಕ್ಲಬ್‌ಗಳು ನೆನಪಾಗುತ್ತವೆ. ಫ್ರಾನ್ಸ್ ಗಡಿಯ ಜ್ಯೂರಾ ಬೆಟ್ಟಸಾಲಿನಲ್ಲಿ, ಸುಮಾರು 1,000 ಮೀಟರ್ ಎತ್ತರದಲ್ಲಿರುವ ಲಾ ಶೋ-ದ-ಫೋಂ ಎಂಬ ಊರಿನ ಕ್ಲಬ್ಬನ್ನು ಈಗ ಕೇಳುವವರು ಕಡಿಮೆ. ಕೆಳ ದರ್ಜೆಯ ಲೀಗ್‌ಗೆ ಇಳಿದಿರುವ ಈ ತಂಡದ ಖಾತೆಯಲ್ಲಿ ಮೂರು ರಾಷ್ಟ್ರೀಯ ಪ್ರಶಸ್ತಿಗಳಿವೆ, ಆರು ಸ್ವಿಸ್ ಕಪ್‌ಗಳಿವೆ. ಇಂದು ಜನಸಂಖ್ಯೆ 40,000ಕ್ಕಿಂತ ಕಡಿಮೆ ಇರುವ ಊರಿಗೆ ಇದು ಸಣ್ಣ ಸಂಪತ್ತಲ್ಲ.

ಕ್ಲಬ್ಬಿನ ಕಥೆ ತಿಳಿಯಬೇಕಾದರೆ ಊರನ್ನು ಮೊದಲು ನೋಡಬೇಕು. 1794ರ ಬೆಂಕಿಯಲ್ಲಿ ಸುಟ್ಟುಹೋದ ಊರನ್ನು ನೇರ ಬೀದಿಗಳ ಚೌಕಳಿಯಲ್ಲಿ ಮತ್ತೆ ಕಟ್ಟಿದರು. ಮನೆಯೂ ಕಾರ್ಯಾಗಾರವೂ ಒಂದೇ ಸಾಲಿನಲ್ಲಿ. ಕಿಟಕಿಯ ಪಕ್ಕದ ಮೇಜಿಗೆ ಬಿಸಿಲು ಬಿದ್ದರೆ ತಾನೇ ಗಡಿಯಾರದ ಹಲ್ಲುಚಕ್ರ ಕಾಣುವುದು? ಇಡೀ ಪಟ್ಟಣವೇ ಒಂದು ಗಡಿಯಾರ ಕಾರ್ಖಾನೆ ಎಂಬರ್ಥದಲ್ಲಿ ಕಾರ್ಲ್ ಮಾರ್ಕ್ಸ್ ತನ್ನ ‘ಬಂಡವಾಳ’ ಗ್ರಂಥದಲ್ಲಿ ಈ ಊರನ್ನು ಉಲ್ಲೇಖಿಸಿದ್ದಾನೆ. ನಮ್ಮ ಚಂಡೀಗಢವನ್ನು ರೂಪಿಸಿದ ಲ ಕಾರ್ಬೂಸಿಯೆ ಹುಟ್ಟಿದ್ದೂ ಇಲ್ಲೇ, 1887ರಲ್ಲಿ. ಅದಾಗಿ ಏಳು ವರ್ಷಕ್ಕೆ, 1894ರಲ್ಲಿ, ಫುಟ್‌ಬಾಲ್ ಕ್ಲಬ್ ಶುರುವಾಯಿತು. ಹಳದಿ-ನೀಲಿ ಅಂಗಿ, ಲಾ ಶಾರಿಯೇರ್ ಮೈದಾನ. ಅಭಿಮಾನಿಗಳ ಬಾಯಲ್ಲಿ ಆಟಗಾರರು ‘ಮ್ಯೊಕ್ಯೊ’ಗಳು.

1948ರಲ್ಲಿ ಮೊದಲ ಸ್ವಿಸ್ ಕಪ್ ಬಂದ ಬಗೆಯೇ ಸ್ವಾರಸ್ಯಕರ. ಎದುರಾಳಿ ಗ್ರೆಂಷೆನ್, ಅದೂ ಗಡಿಯಾರದ ಊರೇ. ಫೈನಲ್ 2-2ರಲ್ಲಿ ಸಮ. ಮತ್ತೆ ಆಡಿಸಿದರೆ ಮತ್ತೆ 2-2! ಮೂರನೇ ಬಾರಿ 4-0ರಿಂದ ತೀರ್ಮಾನವಾಯಿತು. ಆಗ ತಂಡದ ಚುಕ್ಕಾಣಿ ಹಿಡಿದಿದ್ದವರು ಪ್ರಾಗ್‌ನಿಂದ ಬಂದ ಯಿರ್ಜಿ ಸೊಬೊಟ್ಕಾ. 1934ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಚೆಕೊಸ್ಲೊವಾಕಿಯಾ ಪರ ಸ್ವಿಟ್ಜರ್ಲೆಂಡ್ ವಿರುದ್ಧವೇ ಗೋಲು ಹೊಡೆದಿದ್ದ ಇವರು, ಮುಂದೆ ಸ್ವಿಸ್ ಬೆಟ್ಟದೂರಿಗೆ ಗೆಲ್ಲುವುದನ್ನು ಕಲಿಸಿದರು. 1954 ಮತ್ತು 1955, ಎರಡೂ ವರ್ಷ ಲೀಗ್ ಮತ್ತು ಕಪ್ ಒಟ್ಟಿಗೆ ಲಾ ಶೋ-ದ-ಫೋಂಗೆ ಬಂದವು.

ಆ ತಂಡದ ಜೀವಾಳ ಶಾರ್ಲ್ ಆಂಟೆನೆನ್. ಊರಿನ ಹುಡುಗ. 1950, 1954, 1962ರ ಮೂರು ವಿಶ್ವಕಪ್‌ಗಳನ್ನಾಡಿದ, ದೇಶಕ್ಕಾಗಿ 56 ಪಂದ್ಯಗಳಲ್ಲಿ ಕಣಕ್ಕಿಳಿದ ಈ ಆಟಗಾರ ಊರಿನ ಕ್ಲಬ್ ಬಿಟ್ಟು ಕದಲಲಿಲ್ಲ. ನನ್ನ ಮಟ್ಟಿಗೆ ಈ ಕ್ಲಬ್ಬಿನ ದೊಡ್ಡ ಗಳಿಕೆ ಬೆಳ್ಳಿ ಬಟ್ಟಲುಗಳಿಗಿಂತ ಇಂಥ ಆಟಗಾರರೇ.

ಒಂದು ಅನ್ಯಾಯವನ್ನೂ ಹೇಳಲೇಬೇಕು. 1955ರಲ್ಲಿ ಯುರೋಪಿಯನ್ ಕಪ್ ಆರಂಭವಾದಾಗ ಸ್ವಿಸ್ ಚಾಂಪಿಯನ್ ಲಾ ಶೋ-ದ-ಫೋಂ. ಆಹ್ವಾನ ಹೋದದ್ದು ಜಿನೀವಾದ ಸರ್ವೆಟ್‌ಗೆ. ಮೂರನೇ ಬಾರಿ ಲೀಗ್ ಗೆದ್ದ 1964ರಲ್ಲಿ ಕೊನೆಗೂ ಅವಕಾಶ ಸಿಕ್ಕಿತು. ಐರ್ಲೆಂಡ್‌ನ ಸೇಂಟ್ ಪ್ಯಾಟ್ರಿಕ್ಸ್ ತಂಡವನ್ನು ಮಣಿಸಿದ ಮೇಲೆ ಎದುರಾದದ್ದು ಯುಸೇಬಿಯೊ ಇದ್ದ ಬೆನ್ಫಿಕಾ. ತವರಿನಲ್ಲಿ 1-1. ಲಿಸ್ಬನ್‌ನಲ್ಲಿ ಐದು ಗೋಲುಗಳ ಸೋಲು. ಆದರೆ ಆ ಋತುವಿನಲ್ಲಿ ಫೈನಲ್ ತಲುಪಿದ ಬೆನ್ಫಿಕಾವನ್ನು ಬೆಟ್ಟದೂರು ಒಮ್ಮೆಯಾದರೂ ತಡೆದು ನಿಲ್ಲಿಸಿತ್ತು.

ಆಮೇಲೆ ಬಂತು ಕ್ವಾರ್ಟ್ಜ್ ಗಡಿಯಾರ. 1970ರ ಸುಮಾರಿಗೆ ಸ್ವಿಸ್ ಗಡಿಯಾರ ಉದ್ಯಮದಲ್ಲಿದ್ದ 90,000ದಷ್ಟು ಕೆಲಸಗಳು 1980ರ ದಶಕದ ನಡುವಿನ ಹೊತ್ತಿಗೆ ಮೂರನೇ ಒಂದು ಭಾಗಕ್ಕೆ ಕುಸಿದವು. ಊರು ಬಡವಾಯಿತು, ಜನ ಬೆಟ್ಟ ಇಳಿದರು. ಕ್ಲಬ್ಬೂ ಆ ದಶಕದಲ್ಲೇ ಮೇಲ್ದರ್ಜೆಯಿಂದ ಜಾರಿತು, ಮತ್ತೆ ಏರಲಿಲ್ಲ. 2009ರಲ್ಲಿ ಯುನೆಸ್ಕೊ ಈ ಊರನ್ನೂ ನೆರೆಯ ಲ ಲೋಕ್ಲನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ವರ್ಷ ಕ್ಲಬ್ ದಿವಾಳಿಯಾಗಿ ಹವ್ಯಾಸಿ ತಂಡಗಳ ಸಾಲಿಗೆ ಬಿತ್ತು.

ಹೆಸರು ಅಳಿಯಲಿಲ್ಲ, ಬಣ್ಣ ಬದಲಾಗಲಿಲ್ಲ. ಸ್ವಿಟ್ಜರ್ಲೆಂಡ್‌ಗೆ ಹೋಗುವ ಕನ್ನಡಿಗರು ಈ ಊರನ್ನು ನೋಡಲು ನ್ಯೂಶಾಟೆಲ್‌ನಲ್ಲಿ ರೈಲು ಹತ್ತಿದರೆ ಸರಿ. ಶಾಂಬ್ರೆಲಿಯೆನ್‌ನಲ್ಲಿ ರೈಲು ದಿಕ್ಕು ಬದಲಿಸಿ, ಹಿಂದಿನ ಬೋಗಿಯೇ ಮುಂದಾಗಿ ಬೆಟ್ಟ ಏರುತ್ತದೆ. ಊರಿನ ಗಡಿಯಾರ ಮ್ಯೂಸಿಯಂಗೆ ಅರ್ಧ ದಿನ ಕೊಡಿ. ಉಳಿದರ್ಧ ಲಾ ಶಾರಿಯೇರ್‌ಗೆ ಇರಲಿ. ಪಂದ್ಯದ ದಿನವಾದರೆ ಇನ್ನೂ ಒಳ್ಳೆಯದು.